ದಾಕ್ಷಿಣ್ಯ ಬಿಟ್ಟು ಆಲ್ಬಂ ಮಾತಾಡೋದು ಹೇಗೆ: ಮಲೆನಾಡಿನ ಇಂಡಿ ರಾಕ್ ಕೂಟಕ್ಕೊಂದು ಸಮಗ್ರ ಮಾರ್ಗದರ್ಶಿ

ಹೊಸ ಆಲ್ಬಂ ಬಂತು, ಲಿಂಕ್ ಕಳಿಸಿದಿರಿ, ಅತ್ತ ಕಡೆಯಿಂದ ‘ಸೂಪರ್ ಮಾರಾಯ’ ಅಂತ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು. ಅವನು ಕೇಳಿದನೋ, ಮೊದಲ ಹಾಡಿಗೇ ಬಿಟ್ಟನೋ, ಕೇಳಿ ಇಷ್ಟವಾಗದೆ ನಿಮ್ಮ ಮುಖ ನೋಡಿ ಹಾಗಂದನೋ, ಒಂದೂ ಗೊತ್ತಾಗುವುದಿಲ್ಲ.

ಶಿವಮೊಗ್ಗದ ಕಡೆ ಇಂಡಿ ರಾಕ್ (ದೊಡ್ಡ ಕಂಪನಿಗಳ ಹೊರಗೆ ಬೆಳೆದ ಗಿಟಾರ್ ಪ್ರಧಾನ ರಾಕ್ ಸಂಗೀತ) ಕೇಳುವವರು ಇಲ್ಲ ಅಂತೇನಿಲ್ಲ, ಚದುರಿಕೊಂಡಿದ್ದಾರೆ ಅಷ್ಟೆ. ಒಬ್ಬರು ವಿನೋಬನಗರದಲ್ಲಿ, ಒಬ್ಬರು ಭದ್ರಾವತಿಯಲ್ಲಿ, ಇನ್ನೊಬ್ಬರು ಸಾಗರದಿಂದಲೂ ಒಳಗೆ ಯಾವುದೋ ತೋಟದ ಮನೆಯಲ್ಲಿ. ಬೆಂಗಳೂರಿನವರಿಗೆ ಸಂಜೆ ಹೋಗಿ ನಿಲ್ಲಲು ಒಂದು ಸ್ಟೇಜ್ ಸಿಗುತ್ತದೆ. ಇಲ್ಲಿಯವರಿಗೆ ಇರುವುದು ರೆಕಾರ್ಡಿಂಗ್ ಒಂದೇ, ಹಾಗಾಗಿ ಅದರ ಬಗ್ಗೆ ಕೂತು ಆಡುವ ಮಾತೇ ನಮ್ಮ ಸಂಗೀತ ಕಛೇರಿ. ಅದಕ್ಕೆ ಅಡ್ಡ ಬರುವುದು ನೆಟ್‌ವರ್ಕ್ ಅಲ್ಲ, ಕರೆಂಟೂ ಅಲ್ಲ. ದಾಕ್ಷಿಣ್ಯ. ಅವರ ಮನೆ ಜಗಲಿಯಲ್ಲಿ ಕೂತು, ಅವರ ಅಮ್ಮ ಕೊಟ್ಟ ಕಡುಬು ತಿಂದು, ಅವರು ಆರಿಸಿದ ಆಲ್ಬಂ ಚೆನ್ನಾಗಿಲ್ಲ ಅನ್ನಲು ಮಲೆನಾಡಿನವರಿಗೆ ಬಾಯಿ ಬರುವುದಿಲ್ಲ. ಕೆಳಗಿನ ಕ್ರಮದಲ್ಲಿ ಅರ್ಧಕ್ಕರ್ಧ ಇರುವುದು ಈ ದಾಕ್ಷಿಣ್ಯವನ್ನು ದಾಟುವ ಉಪಾಯವೇ.

ಎಷ್ಟು ಜನ, ಎಂಥವರು

ತಿಂಗಳಿಗೊಮ್ಮೆ ಸೇರಿ ಒಂದು ಆಲ್ಬಂ ಕೇಳಿ ಮಾತಾಡುವ ಕೂಟಕ್ಕೆ ಐದರಿಂದ ಏಳು ಜನ ಸಾಕು. ಮೂರೇ ಜನರಿದ್ದರೆ ಇಬ್ಬರು ಒಂದಾಗಿ ಮೂರನೆಯವರು ಸುಮ್ಮನಾಗುತ್ತಾರೆ. ಎಂಟು ದಾಟಿದರೆ ಒಂದು ಮೂಲೆಯಲ್ಲಿ ಅಡಿಕೆ ಧಾರಣೆ ಶುರುವಾಗುತ್ತದೆ. ಎಲ್ಲರೂ ಒಂದೇ ಬ್ಯಾಂಡಿನ ಅಭಿಮಾನಿಗಳಾಗಿದ್ದರೆ ಅದು ಭಜನಾ ಮಂಡಳಿ ಆಗುತ್ತದೆ. ಗಿಟಾರ್ ನುಡಿಸುವವರು ಒಬ್ಬರು, ಸಾಹಿತ್ಯ ಓದುವವರು ಒಬ್ಬರು, ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕಲಿತವರು ಒಬ್ಬರು ಇದ್ದರೆ ಮಾತಿಗೆ ಹದ ಬರುತ್ತದೆ. ಈ ಮೂರನೆಯವರಿಂದ ತಕರಾರು ಬಂದೇ ಬರುತ್ತದೆ, ಅದನ್ನು ಮುಂದೆ ನೋಡೋಣ.

ಆಲ್ಬಂ ಆರಿಸುವುದು

ಸರದಿ ಪ್ರಕಾರ ತಿಂಗಳಿಗೊಬ್ಬರು ಆರಿಸಲಿ. ಮತ ಹಾಕಬೇಡಿ. ಮತಕ್ಕಿಟ್ಟರೆ ಪ್ರತಿ ಸಲ ಎಲ್ಲರಿಗೂ ಆಗಲೇ ಗೊತ್ತಿರುವ ಬ್ಯಾಂಡೇ ಗೆಲ್ಲುತ್ತದೆ. ಎರಡು ಷರತ್ತು ಸಾಕು: ಆಲ್ಬಂ ಹೊರಬಂದು ಎರಡು ವರ್ಷ ದಾಟಿರಬಾರದು, ಒಟ್ಟು ಅವಧಿ 50 ನಿಮಿಷ ಮೀರಬಾರದು.

ಅವಧಿಯ ಷರತ್ತು ಯಾಕೆ ಅನ್ನುವುದು ಕೆನಡಾದ ಸಂಗೀತಗಾರ ಸಿಂಡಿ ಲೀ ಅವರ ‘ಡೈಮಂಡ್ ಜುಬಿಲಿ’ಯನ್ನು ಒಂದೇ ಸಂಜೆಗೆ ಇಟ್ಟುಕೊಂಡವರಿಗೆ ಗೊತ್ತಾಗುತ್ತದೆ. ಮಾರ್ಚ್ 2024ರಲ್ಲಿ ಬಂದ ಅದರಲ್ಲಿ 32 ಹಾಡುಗಳಿವೆ, ಹತ್ತಿರ ಹತ್ತಿರ ಎರಡು ಗಂಟೆ. ಮೊದಲಿಗೆ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಅದು ಇರಲೇ ಇಲ್ಲ, ಯೂಟ್ಯೂಬಿನಲ್ಲಿ ಒಂದೇ ಉದ್ದ ವಿಡಿಯೋ ಆಗಿ ಸಿಗುತ್ತಿತ್ತು. ಅಂಥದ್ದು ಬೇಕೇ ಬೇಕು ಅಂದರೆ ಎರಡು ಸಂಜೆಗೆ ಹಂಚಿಕೊಳ್ಳಿ, ಒಂದೇ ಪಟ್ಟಿಗೆ ಕೂರಿಸಬೇಡಿ.

ಹೊಸದಾಗಿ ಶುರು ಮಾಡುವ ಕೂಟಕ್ಕೆ ಒಗ್ಗುವ ಕೆಲವು, ನಮ್ಮ ಲೆಕ್ಕದಲ್ಲಿ: ಅಮೆರಿಕದ ನಾರ್ತ್ ಕ್ಯಾರೊಲಿನಾದ ಎಂ.ಜೆ. ಲೆಂಡರ್‌ಮನ್ ಅವರ ‘ಮ್ಯಾನಿಂಗ್ ಫೈರ್‌ವರ್ಕ್ಸ್’ (ಸೆಪ್ಟೆಂಬರ್ 2024, 9 ಹಾಡು), ಡಬ್ಲಿನ್‌ನ ಫೊಂಟೇನ್ಸ್ ಡಿ.ಸಿ. ಬ್ಯಾಂಡಿನ ‘ರೊಮ್ಯಾನ್ಸ್’ (ಆಗಸ್ಟ್ 2024, 11 ಹಾಡು), ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯ ‘ಬೀಟಾ’ (ಆಗಸ್ಟ್ 2024), ವೆನ್ಸ್‌ಡೇ ಬ್ಯಾಂಡಿನ ‘ಬ್ಲೀಡ್ಸ್’ ಮತ್ತು ಬ್ರೂಕ್ಲಿನ್‌ನ ಗೀಸ್ ಬ್ಯಾಂಡಿನ ‘ಗೆಟ್ಟಿಂಗ್ ಕಿಲ್ಡ್’ (ಎರಡೂ ಸೆಪ್ಟೆಂಬರ್ 2025). ಕೊನೆಯದರ ಬಗ್ಗೆ ಒಂದು ಎಚ್ಚರಿಕೆ: ಮೊದಲ ಹಾಡು ಮೆತ್ತಗೆ ಶುರುವಾಗಿ ಇದ್ದಕ್ಕಿದ್ದಂತೆ ಕಿರುಚಾಟಕ್ಕೆ ತಿರುಗುತ್ತದೆ. ವಾಲ್ಯೂಮ್ ನೋಡಿಕೊಳ್ಳದಿದ್ದರೆ ಒಳಮನೆಯಿಂದ ಅಜ್ಜಿ ಎದ್ದು ಬರುತ್ತಾರೆ.

ಹೊಸ ಆಲ್ಬಂಗಳು ಜುಲೈ 2015ರಿಂದ ಜಗತ್ತಿನ ಹೆಚ್ಚಿನ ಕಡೆ ಶುಕ್ರವಾರವೇ ಬಿಡುಗಡೆಯಾಗುತ್ತವೆ. ಆದರೆ ಆ ಭಾನುವಾರವೇ ಕೂಟ ಇಟ್ಟುಕೊಳ್ಳಬೇಡಿ. ಮೊದಲ ವಾರದಲ್ಲಿ ಬಾಯಿಗೆ ಬರುವುದು ಬಹುಪಾಲು ಯಾರದೋ ವಿಮರ್ಶೆಯ ಸಾಲು. ಆಲ್ಬಂ ಹೆಸರು ತಿಳಿಸಿದ ದಿನದಿಂದ ಹದಿನೈದು ದಿನ ಬಿಟ್ಟು ಕೂರುವುದು ಸರಿಯಾದ ಅಂತರ. ಹತ್ತು ದಿನಕ್ಕಿಂತ ಕಡಿಮೆಯಾದರೆ ಇಬ್ಬರು ಕೇಳದೆ ಬರುತ್ತಾರೆ, ತಿಂಗಳಾದರೆ ಎಲ್ಲರೂ ಮರೆತು ಬರುತ್ತಾರೆ.

ಮನೆಯಲ್ಲಿ ಮೂರು ಸಲ ಕೇಳುವುದು

ಕೂಟಕ್ಕೆ ಮೊದಲು ಪ್ರತಿಯೊಬ್ಬರೂ ಮೂರು ಸಲ ಕೇಳಿರಬೇಕು. ಮೂರೂ ಸಲ ಒಂದೇ ರೀತಿ ಕೇಳಿದರೆ ಹೆಚ್ಚು ಪ್ರಯೋಜನವಿಲ್ಲ.

ಮೊದಲ ಸಲ ಒಂದೇ ಪಟ್ಟು, ಫೋನ್ ಬೋರಲು ಹಾಕಿ, ಏನೂ ಬರೆಯದೆ. ಸಾಲುಗಳು ಅರ್ಥವಾಗದಿದ್ದರೆ ಆಗದಿರಲಿ. ಡಬ್ಲಿನ್‌ನವರ ಇಂಗ್ಲಿಷ್ ಆಗಲಿ ನಾರ್ತ್ ಕ್ಯಾರೊಲಿನಾದವರ ಎಳೆತವಾಗಲಿ ಮೊದಲ ಕೇಳಿಕೆಗೆ ಬಿಟ್ಟುಕೊಡುವುದಿಲ್ಲ. ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಹಾಡಿಗೆ ಒಂದೇ ಒಂದು ಸಾಲನ್ನು ನಿಮ್ಮ ಕನ್ನಡದಲ್ಲಿ ಬರೆದುಕೊಳ್ಳಿ. ಪೂರ್ತಿ ಅನುವಾದ ಬೇಡ, ನಿಮಗೆ ಚುಚ್ಚಿದ ಅಥವಾ ನಗು ತರಿಸಿದ ಸಾಲು ಸಾಕು. ಮೂರನೆಯದು ಓಡಾಟದಲ್ಲಿ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್, ಒಂದೂವರೆ-ಎರಡು ಗಂಟೆಯ ಬಸ್ಸು. 40 ನಿಮಿಷದ ಆಲ್ಬಂ ಎರಡು ಸಲ ಮುಗಿಯುತ್ತದೆ. ಬಸ್ಸಿನ ಇಂಜಿನ್ ಗುಡುಗು ಕೆಳಸ್ತರದ ಬೇಸನ್ನು ಪೂರ್ತಿ ನುಂಗುತ್ತದೆ, ಆದ್ದರಿಂದ ಬೇಸ್ ಗಿಟಾರಿನ ಬಗ್ಗೆ ಬಸ್ಸಿನಲ್ಲಿ ತೀರ್ಮಾನ ಮಾಡಬೇಡಿ. ಬಸ್ಸಿನಲ್ಲಿ ತಿಳಿಯುವುದು ಬೇರೆ: ಯಾವ ಹಾಡಿಗೆ ಕಿಟಕಿಯಾಚೆ ನೋಡುವುದನ್ನು ಬಿಟ್ಟಿರಿ, ಯಾವುದು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ ಅನ್ನುವುದು.

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದರೆ, ಹೊಸನಗರದ ಒಳದಾರಿ ಹಿಡಿದರೆ ಸಿಗ್ನಲ್ ಬಂದು ಬಂದು ಹೋಗುತ್ತದೆ. ಹಾಗಾಗಿ ಮನೆಯಲ್ಲೇ ಇಳಿಸಿಕೊಳ್ಳಿ. ಲೆಕ್ಕ ಸುಲಭ: 40 ನಿಮಿಷದ ಆಲ್ಬಂಗೆ 320 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವ ಅಳತೆ) ಗುಣಮಟ್ಟದಲ್ಲಿ ಸುಮಾರು 96 ಎಂಬಿ, 160ರಲ್ಲಿ 48 ಎಂಬಿ, 96ರಲ್ಲಿ 29 ಎಂಬಿ. ಬಸ್ಸಿಗೆ 160 ಧಾರಾಳ. ಕೂಟದಲ್ಲಿ ಸ್ಪೀಕರಿಗೆ ಹಾಕುವುದು ಮಾತ್ರ 320 ಅಥವಾ ಅದಕ್ಕಿಂತ ಮೇಲಿನದಿರಲಿ.

ಆ್ಯಪ್ ಸೆಟ್ಟಿಂಗಿನಲ್ಲಿ ನಾಲ್ಕು ಕಡೆ ಕೈ ಹಾಕಬೇಕು. ಶಫಲ್ ಬಂದ್. ಕ್ರಾಸ್‌ಫೇಡ್ ಬಂದ್, ಇಲ್ಲದಿದ್ದರೆ ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಕೂತು ನಡುವಿನ ಮೌನವೇ ಮಾಯವಾಗುತ್ತದೆ. ಈಕ್ವಲೈಜರ್ ಬಂದ್, ಅದರಲ್ಲೂ ಫೋನ್ ಕಂಪನಿಯವರು ತಾವೇ ಆನ್ ಮಾಡಿ ಕೊಟ್ಟಿರುವ ‘ಬೇಸ್ ಬೂಸ್ಟ್’. ಎಲ್ಲ ಹಾಡನ್ನೂ ಒಂದೇ ಜೋರಿಗೆ ತರುವ ವಾಲ್ಯೂಮ್ ನಾರ್ಮಲೈಸೇಷನ್ ಮಾತ್ರ ಆನ್ ಇರಲಿ. ಎರಡು ಆಲ್ಬಂ ಹೋಲಿಸುವಾಗ ಜೋರಾಗಿರುವುದೇ ಒಳ್ಳೆಯದು ಅಂತ ಕಿವಿ ಮೋಸ ಹೋಗುತ್ತದೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ಬೇಸ್ ಮತ್ತು ಝಣಝಣ ಎರಡೂ ಕಮ್ಮಿ ಕೇಳಿಸುವುದರಿಂದ ಹೀಗಾಗುತ್ತದೆ. ‘ಅವರ ಹಳೇ ಆಲ್ಬಂನಲ್ಲಿ ದಮ್ ಇತ್ತು’ ಅನ್ನುವ ಎಷ್ಟೋ ಅಭಿಪ್ರಾಯಗಳ ಹಿಂದೆ ಇರುವುದು ಒಂದೆರಡು ಡೆಸಿಬೆಲ್ ಅಷ್ಟೆ.

ಟಿಪ್ಪಣಿ: ನಿಮಿಷ ಹಿಡಿದು ಬರೆಯುವುದು

ಇಡೀ ಕೂಟ ನಿಂತಿರುವುದು ಇದರ ಮೇಲೆ. ಹಳೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ನಾಲ್ಕು ಮನೆ ಹಾಕಿ: ಹಾಡು, ನಿಮಿಷ, ಕೇಳಿಸಿದ್ದು, ಆಗಿದ್ದು. ಮೂರನೇ ಮನೆಗೂ ನಾಲ್ಕನೇ ಮನೆಗೂ ಬೆರಕೆ ಮಾಡಬಾರದು. ‘ಡ್ರಮ್ ನಿಂತು ದನಿ ಒಂದೇ ಉಳಿಯಿತು’ ಅನ್ನುವುದು ಕೇಳಿಸಿದ್ದು. ‘ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು’ ಅನ್ನುವುದು ಆಗಿದ್ದು. ಮೊದಲನೆಯದನ್ನು ಎಲ್ಲರೂ ಪರೀಕ್ಷಿಸಬಹುದು. ಎರಡನೆಯದು ನಿಮ್ಮದು, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ.

‘ಮ್ಯಾನಿಂಗ್ ಫೈರ್‌ವರ್ಕ್ಸ್’ ಕೊನೆಯ ಹಾಡನ್ನೇ ತೆಗೆದುಕೊಳ್ಳಿ. ಹೆಚ್ಚಿನವರ ಟಿಪ್ಪಣಿ ಹೀಗಿರುತ್ತದೆ: ‘ಆಲ್ಬಂ ಚೆನ್ನಾಗಿದೆ, ಕೊನೇ ಹಾಡು ಲ್ಯಾಗ್.’ ಇದಕ್ಕೆ ಉತ್ತರವಾಗಿ ‘ಲ್ಯಾಗ್ ಏನಿಲ್ಲ’ ಅನ್ನಬಹುದು, ಅಷ್ಟೆ. ಅದನ್ನೇ ಹೀಗೆ ಬರೆದರೆ ನೋಡಿ:

‘ಕೊನೆಯ ಹಾಡು ಸುಮಾರು ಹತ್ತು ನಿಮಿಷ. ಹಾಡಿನ ಭಾಗ ಅರ್ಧಕ್ಕೆ ಮೊದಲೇ ಮುಗಿಯುತ್ತದೆ. ಮಿಕ್ಕಿದ್ದೆಲ್ಲ ಒಂದೇ ಸಮ ಗುಂಯ್‌ಗುಡುವ ಡ್ರೋನ್. ಮೊದಲ ಸಲ ಮುಂದೆ ತಳ್ಳಿದೆ. ಎರಡನೇ ಸಲ ಪೂರ್ತಿ ಕೇಳಿದಾಗ ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದವನು ಎದ್ದು ಹೋದ ಕೋಣೆಯಲ್ಲಿ ಫ್ಯಾನ್ ಮಾತ್ರ ತಿರುಗುತ್ತಿರುವ ಹಾಗನ್ನಿಸಿತು. ಆದರೂ ಮೂರು ನಿಮಿಷಕ್ಕೆ ಸಾಕಿತ್ತು.’

ಈಗ ಎದುರಿನವರಿಗೆ ಹಿಡಿಯಲು ನಾಲ್ಕು ಕಡೆ ಹಿಡಿಕೆ ಸಿಕ್ಕಿತು. ಮೂರು ನಿಮಿಷಕ್ಕೆ ಮುಗಿಸಿದ್ದರೆ ಆ ಖಾಲಿತನ ಬರುತ್ತಿತ್ತೇ ಅಂತ ಒಬ್ಬರು ಕೇಳಬಹುದು. ಅದು ಡ್ರೋನ್ ಅಲ್ಲ, ಒಳಗೆ ಬೇರೆ ಬೇರೆ ದನಿಗಳು ಕದಲುತ್ತಿವೆ ಅಂತ ಇನ್ನೊಬ್ಬರು ಸ್ಪೀಕರಿನಲ್ಲಿ ತೋರಿಸಬಹುದು. ದಾಕ್ಷಿಣ್ಯಕ್ಕೂ ಇದೇ ಮದ್ದು. ‘ನಿನ್ನ ಆಲ್ಬಂ ಇಷ್ಟವಾಗಲಿಲ್ಲ’ ಅನ್ನುವುದು ಕಷ್ಟ. ‘ಆರನೇ ಹಾಡಿನ ಎರಡನೇ ನಿಮಿಷದಲ್ಲಿ ಕೋರಸ್ ಮೂರನೇ ಸಲ ಬಂದಾಗ ನಾನು ಹೊರಗೆ ಬಿದ್ದೆ’ ಅನ್ನುವುದು ಅಷ್ಟು ಕಷ್ಟವಿಲ್ಲ, ಯಾರ ಮನಸ್ಸಿಗೂ ನೋವಿಲ್ಲ.

ಆಲ್ಬಂಗೆ ಇಂಥ ಐದು ನಮೂದು ಸಾಕು. ಅದರಲ್ಲಿ ಒಂದಾದರೂ ಇಷ್ಟವಾಗದ್ದಿರಬೇಕು ಅನ್ನುವುದು ನಿಯಮ. ಆಲ್ಬಂ ಆರಿಸಿದವರಿಗೂ ಈ ನಿಯಮ ಅನ್ವಯ.

ಸದ್ದಿಗೆ ಕನ್ನಡದಲ್ಲಿ ಏನನ್ನುವುದು

ಸೂಪರ್, ಸಕ್ಕತ್, ಬೋರ್, ವೈಬ್, ‘ಫೀಲ್ ಇದೆ’. ಈ ಐದನ್ನು ಒಂದು ಸಂಜೆಯ ಮಟ್ಟಿಗೆ ನಿಷೇಧಿಸಿ. ಮೊದಲ ಹತ್ತು ನಿಮಿಷ ಎಲ್ಲರೂ ತೊದಲುತ್ತಾರೆ, ಆಮೇಲೆ ಬೇರೆ ಮಾತು ತಾನಾಗಿ ಬರುತ್ತದೆ.

ಗಿಟಾರ್, ಬೇಸ್, ಡ್ರಮ್, ಕೋರಸ್, ಫೀಡ್‌ಬ್ಯಾಕ್, ರಿವರ್ಬ್ ಇವನ್ನೆಲ್ಲ ಹಾಗೇ ಬಳಸಿ, ಅನುವಾದಿಸಲು ಹೋಗಿ ನಗೆಪಾಟಲಾಗಬೇಡಿ. ಕನ್ನಡ ಬೇಕಾಗುವುದು ಅವು ಹೇಗಿವೆ ಅಂತ ಹೇಳುವಾಗ. ದನಿ ಗೋಡೆಗೆ ತಾಗಿ ಮಾರ್ದನಿಸಿದಂತೆ ಕೇಳಿಸುವ ರಿವರ್ಬ್ ಎಂದರೆ ಒಂದೇ ಬಗೆಯದಲ್ಲ. ಬಾವಿಯೊಳಗಿಂದ ಕರೆದಂತಿದೆಯೋ, ಟೈಲ್ಸ್ ಹಾಕಿದ ಬಚ್ಚಲುಮನೆಯಲ್ಲಿ ಹಾಡಿದಂತಿದೆಯೋ, ಖಾಲಿ ಕಲ್ಯಾಣ ಮಂಟಪದಲ್ಲಿ ಯಾರೋ ಮೈಕ್ ಟೆಸ್ಟ್ ಮಾಡಿದಂತಿದೆಯೋ? ಮೂರೂ ಬೇರೆ ಬೇರೆ ರಿವರ್ಬ್, ಮೂರೂ ನಮ್ಮ ಕಿವಿಗೆ ಗೊತ್ತು. ಫಜ್ (ದನಿಯನ್ನು ಒಡೆದು ಒರಟಾಗಿಸುವ ಎಫೆಕ್ಟ್) ಹಾಕಿದ ಗಿಟಾರ್ ಸಂಜೆಯ ಜೀರುಂಡೆ ಹಿಂಡಿನ ಹಾಗೆ ಕರಕರ ಅನ್ನುತ್ತದೋ, ಮರ ಕೊಯ್ಯುವ ಮಿಷನ್ನಿನ ಹಾಗೆ ಏರಿ ಇಳಿಯುತ್ತದೋ? ಡ್ರಮ್ ಬಿಗಿಯಾಗಿದೆಯೋ, ಆಷಾಢದ ತೇವ ಹಿಡಿದ ಮದ್ದಳೆಯ ಹಾಗೆ ಮೊದ್ದಾಗಿದೆಯೋ? ಇಂಡಿ ರಾಕ್‌ನಲ್ಲಿ ಎಷ್ಟೋ ಸಲ ಡ್ರಮ್ಮಿನ ಮೇಲೆ ಬಟ್ಟೆ ಹಾಸಿ ಬೇಕಂತಲೇ ಮೊದ್ದು ಮಾಡುತ್ತಾರೆ. ಅದು ದೋಷವಲ್ಲ, ಆಯ್ಕೆ ಅಂತ ಗೊತ್ತಾದ ಮೇಲೂ ಇಷ್ಟವಾಗದೇ ಇರಬಹುದು, ಅದು ಬೇರೆ ಮಾತು.

ವೆನ್ಸ್‌ಡೇ ಬ್ಯಾಂಡಿನಲ್ಲಿ ಒರಟು ಗಿಟಾರುಗಳ ನಡುವೆ ಜಾರುತ್ತ ಅಳುವ ಒಂದು ದನಿ ಇದೆ. ಅದು ಪೆಡಲ್ ಸ್ಟೀಲ್. ಹಳೆಯ ಚಿತ್ರಗೀತೆಗಳಲ್ಲಿ ನಮ್ಮ ಹಿರಿಯರು ಕೇಳಿದ ಹವಾಯಿಯನ್ ಗಿಟಾರಿನ ಸಮೀಪದ ನೆಂಟ. ಕೂಟಕ್ಕೆ ಬಂದ ಹೊಸಬರಿಗೆ ಹಾಗೆ ಹೇಳಿದರೆ ಸಾಕು, ಕಿವಿ ತಾನೇ ಹುಡುಕಿಕೊಳ್ಳುತ್ತದೆ.

ದನಿಗೆ ಕನ್ನಡದಲ್ಲಿ ಬರವಿಲ್ಲ: ಗೊಗ್ಗರು, ಕೀರಲು, ಮೂಗುದನಿ, ಗೊಣಗು, ಎಳೆತ, ಉಸಿರುದನಿ. ಇಲ್ಲೇ ಸಂಗೀತ ಕಲಿತವರ ತಕರಾರು ಬರುವುದು: ‘ಶ್ರುತಿಯಲ್ಲೇ ಇಲ್ಲವಲ್ಲ!’ ಇದನ್ನು ತಳ್ಳಿಹಾಕಬೇಡಿ, ‘ಇದು ರಾಕು, ನಿಮಗೆ ಅರ್ಥವಾಗಲ್ಲ’ ಅಂತಲೂ ಅನ್ನಬೇಡಿ. ಅವರಿಗೆ ಕೇಳಿಸಿದ್ದು ನಿಜ. ಲೆಂಡರ್‌ಮನ್ ಆಗಲಿ, ಗೀಸ್ ಬ್ಯಾಂಡಿನ ಗಾಯಕನಾಗಲಿ ಸ್ವರದ ನಡುಮಧ್ಯಕ್ಕೆ ಬಂದು ನಿಲ್ಲುವವರಲ್ಲ. ಕೇಳಬೇಕಾದ್ದು ಎರಡು ಪ್ರಶ್ನೆ: ತಪ್ಪಿದ್ದು ಯಾವ ಪದದ ಮೇಲೆ? ಅಲ್ಲಿ ತಪ್ಪಿದ್ದರಿಂದ ಆ ಪದಕ್ಕೆ ಏನಾಯಿತು? ಪ್ರತಿ ಸಲ ಒಂದೇ ಬಗೆಯ ಪದದ ಮೇಲೆ ದನಿ ಜಾರುತ್ತಿದ್ದರೆ ಅದು ಅವರ ಗಮಕ ಅಂದುಕೊಳ್ಳಿ. ಎಲ್ಲೆಂದರಲ್ಲಿ ಜಾರುತ್ತಿದ್ದರೆ ತಕರಾರೇ ಸರಿ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಿ: ಈ ಸಂಗೀತದಲ್ಲಿ ರಾಗ ಬೆಳೆಯುವ ಹಾಗೆ ಸ್ವರ ಬೆಳೆಯುವುದಿಲ್ಲ. ಮೂರು-ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಸುತ್ತಿ ಸುತ್ತಿ ಬರುತ್ತವೆ, ಬೆಳೆಯುವುದು ಸದ್ದಿನ ಮೈ ಮತ್ತು ಮಾತಿನ ಅರ್ಥ. ಆಲಾಪನೆ ಹುಡುಕುತ್ತ ಕೂತವರಿಗೆ ನಿರಾಸೆ ಖಚಿತ.

ಕೋಣೆ, ಸ್ಪೀಕರ್, ಮಳೆ, ಕರೆಂಟು

ತಗಡಿನ ಮಾಡಿನ ಕೆಳಗೆ ಜೂನ್‌ನಿಂದ ಆಗಸ್ಟ್‌ವರೆಗೆ ಆಲ್ಬಂ ಹಾಕುವುದು ವ್ಯರ್ಥ. ಮಳೆ ಹಿಡಿದರೆ ಎದುರು ಕೂತವರ ಮಾತೇ ಕೇಳಿಸದು. ಹಂಚಿನ ಮನೆ ವಾಸಿ. ಹಂಚಿನ ಕೆಳಗೆ ಮರದ ಮುಚ್ಚಿಗೆಯೂ ಇದ್ದರೆ ಇನ್ನೂ ಒಳ್ಳೆಯದು. ಜಗಲಿ ಮಾತಿಗೆ ಚೆನ್ನ, ಕೇಳುವುದಕ್ಕಲ್ಲ: ಒಂದು ಬದಿ ತೆರೆದಿರುವುದರಿಂದ ಆ ಕಡೆಯ ಸ್ಪೀಕರಿನ ಬೇಸ್ ಅಂಗಳಕ್ಕೆ ಹರಿದುಹೋಗುತ್ತದೆ. ಕೇಳುವುದು ನಡುಮನೆಯಲ್ಲಿ, ಮಾತು ಜಗಲಿಯಲ್ಲಿ ಅಂತ ಇಟ್ಟುಕೊಳ್ಳಿ.

ಎರಡು ಸ್ಪೀಕರ್ ಇದ್ದರೆ ಅವುಗಳ ನಡುವೆ ಎಷ್ಟು ಅಂತರವೋ ಕೇಳುಗರ ಸಾಲೂ ಅಷ್ಟೇ ದೂರದಲ್ಲಿರಲಿ, ಆರೇಳು ಅಡಿ ಸಾಕು. ಸ್ಪೀಕರಿನ ಚಿಕ್ಕ ಕೋನು (ಟ್ವೀಟರ್) ಕೂತವರ ಕಿವಿಯ ಮಟ್ಟಕ್ಕಿರಬೇಕು. ನೆಲದ ಮೇಲೆ ಕೂರುವುದಾದರೆ ಸ್ಪೀಕರನ್ನು ಮಣೆಯ ಮೇಲೋ ಗಿಡ್ಡ ಸ್ಟೂಲಿನ ಮೇಲೋ ಇಡಿ. ಗೋಡೆಯಿಂದ ಒಂದೂವರೆ ಅಡಿ ಮುಂದೆ ಬರಲಿ. ಮೂಲೆಗೆ ತಳ್ಳಿದರೆ ಬೇಸ್ ಗುಮ್ಮೆನ್ನುತ್ತದೆ, ಆಮೇಲೆ ಎಲ್ಲ ಆಲ್ಬಂಗೂ ‘ಬೇಸ್ ಜಾಸ್ತಿ’ ಅನ್ನುವ ಒಂದೇ ಅಭಿಪ್ರಾಯ ಬರುತ್ತದೆ. ಕೆಂಪು ಗಾರೆಯ ನೆಲ ಸದ್ದನ್ನು ಕನ್ನಡಿಯ ಹಾಗೆ ತಿರುಗಿಸಿ ಎಸೆಯುತ್ತದೆ. ಸ್ಪೀಕರಿಗೂ ಕೇಳುಗರಿಗೂ ನಡುವೆ ಜಮಖಾನ ಹಾಸಿ, ಹಿಂದಿನ ಎರಡು ಮೂಲೆಗೆ ಸುತ್ತಿಟ್ಟ ಹಾಸಿಗೆ ನಿಲ್ಲಿಸಿ. ಖರ್ಚಿಲ್ಲದ ಈ ಕೆಲಸಕ್ಕೆ ಆಗುವಷ್ಟು ವ್ಯತ್ಯಾಸ ಸ್ಪೀಕರ್ ಬದಲಿಸಿದರೂ ಆಗುವುದಿಲ್ಲ.

ಒಂದೇ ಬ್ಲೂಟೂತ್ ಡಬ್ಬಿ ಇರುವುದಾದರೆ ಅದರಲ್ಲೇ ಮಾಡಿ, ಆದರೆ ಎಡ-ಬಲದ ಬಗ್ಗೆ ಮಾತಾಡಬೇಡಿ. ಗಿಟಾರಿನ ಪದರದ ಮೇಲೆ ಪದರ ಇರುವ ಆಲ್ಬಂಗಳು ಅದರಲ್ಲಿ ಕಲಸಿದ ಅಂಬಲಿಯಾಗುತ್ತವೆ. ಅಂಥ ತಿಂಗಳು ಒಂದು ಒಳ್ಳೆಯ ಹೆಡ್‌ಫೋನನ್ನು ಸರದಿಯಲ್ಲಿ ದಾಟಿಸಿ.

ಕರೆಂಟಿನ ವಿಷಯ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಆಂಪ್ಲಿಫೈಯರ್ ಹಾಕಿದರೆ ಜ್ರ್ ಅಂತ ಒಂದು ದನಿ ಹಾಡಿನುದ್ದಕ್ಕೂ ಇರುತ್ತದೆ. ಸೈನ್ ವೇವ್ ಆದರೆ ತೊಂದರೆಯಿಲ್ಲ. ಕರೆಂಟಿದ್ದಾಗಲೂ ಗುಂಯ್‌ಗುಟ್ಟಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ದನಿ ನಿಂತರೆ ಅದು ಅರ್ಥಿಂಗ್ ಸುತ್ತು, ಬ್ಯಾಟರಿಯಲ್ಲೇ ನಡೆಸಿ. ಮಳೆಗಾಲದಲ್ಲಿ ವೈರಿನ ಪಿನ್ನುಗಳಿಗೆ ಕಿಲುಬು ಹಿಡಿದು ಒಂದು ಬದಿ ಕರಕರ ಅನ್ನುತ್ತದೆ ಅಥವಾ ಸತ್ತೇ ಹೋಗುತ್ತದೆ. ಸ್ವಿಚ್ ಆಫ್ ಮಾಡಿ ಪಿನ್ನನ್ನು ನಾಲ್ಕು ಸಲ ತಿರುಗಿಸಿ ಹಾಕಿ, ಆಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಊರು ಸಣ್ಣದು, ಅಕ್ಕಪಕ್ಕದವರು ಗುರುತಿನವರು. ಎದುರೆದುರು ಕೂತು ಮಾತಾಡಿದರೆ ಕೇಳಿಸದಷ್ಟು ಜೋರು ಬೇಡ.

ಕೂಟದ ಸಂಜೆ

ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಎರಡೂವರೆ ಗಂಟೆ ಬೇಕು. ಐದಕ್ಕೆ ಶುರುವಾದರೆ ಮೊದಲ 40–45 ನಿಮಿಷ ಆಲ್ಬಂ ಪೂರ್ತಿ, ಮಾತಿಲ್ಲ. ಕೇಳುವ ಹೊತ್ತಿನಲ್ಲಿ ಕಷಾಯ ಕೊಡಬಹುದು, ಮಂಡಕ್ಕಿ ಮತ್ತು ಹಲಸಿನ ಹಪ್ಪಳ ಖಂಡಿತ ಬೇಡ. ಮೆಲುದನಿಯ ಹಾಡಿನ ನಡುವೆ ಏಳು ಜನ ಹಪ್ಪಳ ಕಡಿದರೆ ಅದೇ ತಾಳವಾಗುತ್ತದೆ. ಅದನ್ನು ಮುಂದಿನ ಕಾಲು ಗಂಟೆಯ ಬಿಡುವಿಗೆ ಇಟ್ಟುಕೊಳ್ಳಿ.

ಆಮೇಲೆ ಸುತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ, ಪುಸ್ತಕದಿಂದ ಎರಡು ನಮೂದು ಓದಬೇಕು, ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಆಲ್ಬಂ ಆರಿಸಿದವರು ಕೊನೆಗೆ. ಅವರು ಮೊದಲು ಮಾತಾಡಿದರೆ ಮಿಕ್ಕವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ. ಆತಿಥ್ಯ ಮಾಡಿದವರೇ ಆಲ್ಬಂ ಆರಿಸಿದವರೂ ಆಗದಂತೆ ಸರದಿ ಹೊಂದಿಸಿಕೊಳ್ಳಿ, ದಾಕ್ಷಿಣ್ಯದ ಭಾರ ಅರ್ಧ ಇಳಿಯುತ್ತದೆ.

ಸುತ್ತು ಮುಗಿದ ಮೇಲೆ ವಾದ. ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಪದಕ್ಕೆ ಕಟ್ಟುಬಿದ್ದು ಎದುರಾಳಿಯ ಮಾತನ್ನು ಎತ್ತಿಕೊಂಡು ಉತ್ತರ ಕೊಡುತ್ತಾರೆ. ಪದದ ಆಚೆ ಹೋದರೆ ಸಭೆಗೆ ಗೊತ್ತಾಗುತ್ತದೆ. ಹಾಗೇ ಇಲ್ಲಿಯೂ: ವಾದ ಬಿಗಿಯಾದಾಗ ಆ ಹಾಡಿನ ಆ ನಿಮಿಷಕ್ಕೆ ಹೋಗಿ ಮೂವತ್ತು ಸೆಕೆಂಡು ಹಾಕಿ, ಆಮೇಲೆ ಮಾತು ಮುಂದುವರಿಸಿ. ಸಂಜೆಗೆ ನಾಲ್ಕು ಸಲಕ್ಕಿಂತ ಹೆಚ್ಚು ಹೀಗೆ ಹಾಕಬೇಡಿ, ಹಾಡು ಹಳಸುತ್ತದೆ. ಒಬ್ಬರು ರಿಮೋಟ್ ಹಿಡಿಯಲಿ. ಫೋನ್ ಕೈಯಿಂದ ಕೈಗೆ ಹೋದರೆ ಮೂರನೇ ಕೈಗೆ ಬರುವಷ್ಟರಲ್ಲಿ ಬೇರೆ ಬ್ಯಾಂಡ್ ಬಂದಿರುತ್ತದೆ.

ಎಂದೂ ಕೇಳದ ಆಲ್ಬಂ ಅನ್ನು ಕೂಟದಲ್ಲೇ ಮೊದಲ ಸಲ ಕೇಳಿ ಆಗಲೇ ಅಭಿಪ್ರಾಯ ಹೇಳುವ ಆಸೆ ಕೆಲವರಿಗೆ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ಬೆಳಗಾದ ಮೇಲೆ ನಡೆಯುತ್ತದೆ. ನಡುವೆ ಒಂದು ರಾತ್ರಿ ಮಲಗಿ ಎದ್ದ ಅಭಿಪ್ರಾಯಕ್ಕೆ ಇರುವ ತೂಕವೇ ಬೇರೆ. ಕೇಳದೆ ಬಂದವರು ಆ ಸಂಜೆ ಪ್ರಶ್ನೆ ಮಾತ್ರ ಕೇಳಲಿ.

ಎಲ್ಲಿ ಎಡವುತ್ತದೆ

‘ಇದು ಇಂಡಿನೇ ಅಲ್ಲ.’ ಈ ಮಾತು ಎದ್ದರೆ ಅರ್ಧ ಗಂಟೆ ಹೋಯಿತು ಅಂತಲೇ ತಿಳಿಯಿರಿ. ಇಂಡಿ ಎಂದರೆ ಮೂಲತಃ ದೊಡ್ಡ ಕಂಪನಿಗಳ ಹೊರಗಿನ ಸ್ವತಂತ್ರ ಲೇಬಲ್ ಅನ್ನುವ ಅರ್ಥ, ಈಗ ಅದು ಒಂದು ಬಗೆಯ ಸದ್ದಿನ ಹೆಸರೂ ಹೌದು. ಎರಡೂ ಯಾವಾಗಲೂ ಕೂಡಿ ಬರುವುದಿಲ್ಲ. ವ್ಯಾಂಪೈರ್ ವೀಕೆಂಡ್ ಬ್ಯಾಂಡಿನ ಏಪ್ರಿಲ್ 2024ರ ಆಲ್ಬಂ ಬಂದದ್ದು ಸೋನಿಯ ಒಡೆತನದ ಕೊಲಂಬಿಯಾದಿಂದ. ಹಾಗಂತ ಅದನ್ನು ಕೂಟದಿಂದ ಹೊರಗಿಡುವವರು ಯಾರೂ ಇಲ್ಲ. ಲೇಬಲ್ ಯಾವುದು ಅಂತ ಒಂದು ಸಾಲು ಹೇಳಿ ಮುಂದೆ ಹೋಗಿ.

‘ಹಳೇದೇ ಚೆನ್ನಾಗಿತ್ತು.’ ಇದನ್ನು ಹೇಳುವವರು ಹಳೆಯದರಿಂದ ಒಂದು ಹಾಡು, ಹೊಸದರಿಂದ ಒಂದು ಹಾಡು ಎದುರೆದುರು ಇಡಬೇಕು. ಬಿಗ್ ಥೀಫ್ ಬ್ಯಾಂಡಿನ ವಿಷಯದಲ್ಲಿ ಈ ಹೋಲಿಕೆಗೆ ನಿಜವಾದ ಆಧಾರವಿದೆ: 2022ರದ್ದು 20 ಹಾಡಿನ ಉದ್ದ ಆಲ್ಬಂ, 2025ರ ‘ಡಬಲ್ ಇನ್‌ಫಿನಿಟಿ’ 9 ಹಾಡಿನದು, ನಡುವೆ ಬೇಸ್ ನುಡಿಸುತ್ತಿದ್ದವರು ಬ್ಯಾಂಡ್ ಬಿಟ್ಟಿದ್ದಾರೆ. ಅಂಥ ಕಡೆ ಏನು ಹೋಯಿತು, ಏನು ಬಂತು ಅಂತ ಕೈಯಿಟ್ಟು ತೋರಿಸಬಹುದು.

ಅಂಕ ಕೊಡುವುದು. ಹತ್ತಕ್ಕೆ ಏಳು ಅಂದವರೂ ಎಂಟು ಅಂದವರೂ ಒಂದೇ ಮಾತು ಹೇಳುತ್ತಿರುತ್ತಾರೆ. ಬೇಕೇ ಬೇಕು ಅಂದರೆ ಬೇರೆ ಲೆಕ್ಕ ಇಡಿ: ಈ ಆಲ್ಬಂನಲ್ಲಿ ಒಂದೇ ಹಾಡು ಉಳಿಸಿಕೊಳ್ಳಬಹುದು ಅಂದರೆ ಯಾವುದು, ಒಂದನ್ನು ತೆಗೆಯಲೇಬೇಕು ಅಂದರೆ ಯಾವುದು? ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಿ. ಒಬ್ಬರು ಉಳಿಸಿಕೊಂಡ ಹಾಡನ್ನೇ ಇನ್ನೊಬ್ಬರು ತೆಗೆದಿದ್ದರೆ ಮುಂದಿನ ಅರ್ಧ ಗಂಟೆಗೆ ಬೇರೇನೂ ಬೇಡ.

ಕಡ ತಂದ ಅಭಿಪ್ರಾಯ. ಯಾರೋ ಇಂಗ್ಲಿಷ್ ವಿಮರ್ಶೆಯ ಸಾಲನ್ನು ಕನ್ನಡಕ್ಕೆ ತಿರುಗಿಸಿ ಒಪ್ಪಿಸುತ್ತಿದ್ದರೆ ಗುರುತು ಸುಲಭ, ನಿಮಿಷ ಕೇಳಿದರೆ ಇರುವುದಿಲ್ಲ. ಅವಮಾನ ಮಾಡಬೇಡಿ, ‘ಯಾವ ಹಾಡಲ್ಲಿ?’ ಅಂತ ಮೆತ್ತಗೆ ಕೇಳಿ ಬಿಡಿ.

ಕೂಟ ಮುಗಿದ ಮೇಲೆ

ಮೂರು ದಿನದೊಳಗೆ ಪ್ರತಿಯೊಬ್ಬರೂ ಗುಂಪಿಗೆ ನೂರು ಪದದ ಬರಹವೊಂದನ್ನು ಹಾಕಲಿ: ಕೂಟಕ್ಕೆ ಮೊದಲು ಏನನ್ನಿಸಿತ್ತು, ಯಾರ ಮಾತಿನಿಂದ ಅದರಲ್ಲಿ ಏನು ಬದಲಾಯಿತು, ಯಾವ ನಿಮಿಷ. ಬದಲಾಗದಿದ್ದರೆ ಹಾಗೇ ಬರೆಯಿರಿ. ಕನ್ನಡ ಲಿಪಿಯಲ್ಲೇ ಬರೆಯಿರಿ. ಟೈಪ್ ಮಾಡಲು ಬೇಸರವಾದರೆ ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಆದೀತು. ನಾಲ್ಕು ನಿಮಿಷದ್ದನ್ನು ಯಾರೂ ಕೇಳುವುದಿಲ್ಲ.

ಇಷ್ಟವಾದ ಆಲ್ಬಂ ಅನ್ನು ಸಾಧ್ಯವಿದ್ದರೆ ಕೊಂಡುಕೊಳ್ಳಿ. ಬ್ಯಾಂಡ್‌ಕ್ಯಾಂಪಿನಲ್ಲಿ ಡಿಜಿಟಲ್ ಆಲ್ಬಂ ಕೊಂಡರೆ ತಾಣ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 15. ಅವರು ಮೊದಲೇ ತಿಳಿಸುವ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಡುತ್ತಾರೆ, 2020ರ ಮಾರ್ಚ್‌ನಿಂದ ಈ ರೂಢಿ ಇದೆ. ಕಾರ್ಡಿನಲ್ಲಿ ವಿದೇಶಿ ಪಾವತಿ ತೆರೆದಿರಬೇಕು, ಇಲ್ಲದಿದ್ದರೆ ಕೊನೆಯ ಹಂತದಲ್ಲಿ ನಿಂತುಹೋಗುತ್ತದೆ.

ತಿಂಗಳು ಆರಿಸುವಾಗ ತೋಟದ ಕ್ಯಾಲೆಂಡರ್ ನೋಡಿ. ಅಡಿಕೆ ಕೊಯ್ಲು ಬಿರುಸಾಗಿರುವ ನವೆಂಬರ್‌ನಿಂದ ಜನವರಿವರೆಗೆ ಸಾಗರ, ತೀರ್ಥಹಳ್ಳಿ ಕಡೆಯವರನ್ನು ಕೂಟಕ್ಕೆ ಕರೆದು ಪ್ರಯೋಜನವಿಲ್ಲ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುವ ದಿನವೇ ಅವರಿಗೆ ಮುಖ್ಯ. ಆದರೆ ಕೇಳುವುದಕ್ಕೆ ಅದರಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೈಗೆ ಕೆಲಸ, ಕಿವಿ ಖಾಲಿ, ಮೂರು ಗಂಟೆಗೆ ನಾಲ್ಕು ಆಲ್ಬಂ ಮುಗಿಯುತ್ತದೆ. ಪಕ್ಕದವರು ಕರೆದರೆ ಓಗೊಡಬೇಕಲ್ಲ, ಹಾಗಾಗಿ ಇಯರ್‌ಫೋನ್ ಒಂದೇ ಕಿವಿಗೆ. ಆಗ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿಗೆ ಹೋಗಿ ‘ಮೋನೋ ಆಡಿಯೋ’ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಬಲಗಡೆ ಇಟ್ಟ ಗಿಟಾರ್ ಇಡೀ ಆಲ್ಬಂನಲ್ಲಿ ಇರಲೇ ಇಲ್ಲ ಅಂತ ಪುಸ್ತಕದಲ್ಲಿ ಬರೆದು ಬರುತ್ತೀರಿ.